ಗಡೀಪಾರಾದವರ ತೋಟ, ನಾಬೋತನ ದ್ರಾಕ್ಷಿ

ಬೆಂಗಳೂರಿನ ನಾಗಸಂದ್ರ ಮೆಟ್ರೊ ನಿಲ್ದಾಣ 2015ರ ಮೇ 1ರಂದು ತೆರೆದಾಗ ಹಸಿರು ಮಾರ್ಗ ಅಲ್ಲಿಗೇ ಮುಗಿಯುತ್ತಿತ್ತು. 2024ರ ನವೆಂಬರ್‌ನಲ್ಲಿ ರೈಲು ಮಾದಾವರದವರೆಗೆ ಹೋಗತೊಡಗಿತು. ಆದರೂ ತುಮಕೂರು ರಸ್ತೆಯ ಈ ಊರು ಬಂದಿಳಿಯುವವರ ಊರಾಗಿಯೇ ಉಳಿದಿದೆ. ಪೀಣ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ ಉತ್ತರ ಕರ್ನಾಟಕದಿಂದ, ಒಡಿಶಾ, ಬಿಹಾರದಿಂದ ಬಂದವರು ಸುತ್ತಲಿನ ವಠಾರಗಳಲ್ಲಿ ಬಾಡಿಗೆಗಿದ್ದಾರೆ. ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಅಷ್ಟರಲ್ಲಿ ಏನು ನೆಡಬಹುದು? ಪೇಂಟ್ ಡಬ್ಬದಲ್ಲಿ ತುಳಸಿ, ದೊಡ್ಡಪತ್ರೆ, ಹೆಚ್ಚೆಂದರೆ ಒಂದು ಕರಿಬೇವು. ಮನೆ ಬಿಡುವಾಗ ಡಬ್ಬವನ್ನೂ ಟೆಂಪೊಗೆ ಏರಿಸಬಹುದು. ಮಾವಿನ ಸಸಿ ನೆಡುವ ಬಾಡಿಗೆದಾರ ಸಿಗುವುದು ಅಪರೂಪ.

ಇಂಥದೇ ಪ್ರಶ್ನೆಗೆ ಬೈಬಲ್ಲಿನಲ್ಲಿ ಒಂದು ಉತ್ತರವಿದೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ದೊರೆ ನೆಬೂಕದ್ನೆಚ್ಚರನು ಜೆರುಸಲೇಮನ್ನು ಮಣಿಸಿ, ಅಲ್ಲಿನ ಅರಸ, ಅಧಿಕಾರಿಗಳು, ಕಮ್ಮಾರರು, ಕುಶಲಕರ್ಮಿಗಳನ್ನು ಹಿಡಿದುಕೊಂಡು ಹೋದ. ಎರಡೇ ವರ್ಷದಲ್ಲಿ ಎಲ್ಲರೂ ಊರಿಗೆ ಮರಳುತ್ತಾರೆ ಎಂದು ಹನನ್ಯನೆಂಬ ಪ್ರವಾದಿ ಸಾರಿದ. ಇನ್ನೊಬ್ಬ ಪ್ರವಾದಿ ಯೆರೆಮೀಯ ಒಪ್ಪಲಿಲ್ಲ. ಗಡೀಪಾರಾದವರಿಗೆ ರಾಜದೂತರ ಕೈಯಲ್ಲಿ ಆತ ಕಳಿಸಿದ ಓಲೆ ಖಡಕ್ಕಾಗಿದೆ: ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ. ಎರಡಲ್ಲ, 70 ವರ್ಷ. ಎರಡು ವರ್ಷಕ್ಕೆ ಬಂದವನು ತರಕಾರಿ ಹಾಕಿಕೊಳ್ಳುತ್ತಾನೆ. 70 ವರ್ಷ ಇರಬೇಕಾದವನು ಮರ ನೆಡುತ್ತಾನೆ. ತೋಟ ಮಾಡಿ ಎಂಬ ಮಾತಿನಲ್ಲಿ ಸಮಾಧಾನ ಎಷ್ಟಿದೆಯೋ ಅಷ್ಟೇ ಕಹಿಯೂ ಇದೆ.

ಆ ಜನ ಹಾಗೆಯೇ ಬದುಕಿದರು ಎನ್ನುವುದಕ್ಕೆ ಬೈಬಲ್ಲಿನ ಹೊರಗೂ ಸಾಕ್ಷ್ಯವಿದೆ. ದಕ್ಷಿಣ ಇರಾಕಿನ ಅಲ್-ಯಹೂದು ಎಂಬ ಹಳ್ಳಿಗೆ ಸಂಬಂಧಿಸಿದ ಜೇಡಿಮಣ್ಣಿನ ಫಲಕಗಳಲ್ಲಿ ಹಳೆಯದು ಕ್ರಿ.ಪೂ. 572ರದ್ದು. ಬೆಣೆಲಿಪಿಯಲ್ಲಿರುವುದು ಶುದ್ಧ ಲೆಕ್ಕಪತ್ರ: ಗುತ್ತಿಗೆ ಜಮೀನು, ಬಾರ್ಲಿ, ಖರ್ಜೂರ, ಸಾಲ, ತೆರಿಗೆ. ಯೆಹೂದ್ಯ ಹೆಸರಿನ ರೈತರು ಕಾಲುವೆಯಂಚಿನಲ್ಲಿ ಪರದೊರೆಯ ಖರ್ಜೂರ ಬೆಳೆದು ಪಾಲು ಒಪ್ಪಿಸುತ್ತಿದ್ದರು. 2015ರಲ್ಲಿ ಜೆರುಸಲೇಮಿನ ವಸ್ತುಸಂಗ್ರಹಾಲಯವೊಂದು ಈ ಫಲಕಗಳನ್ನು ಪ್ರದರ್ಶನಕ್ಕಿಟ್ಟಿತ್ತು.

ಬೈಬಲ್ಲಿನ ತೋಟ ಎಂದಕೂಡಲೇ ನೆನಪಾಗುವುದು ಏದೆನ್. ಚಿತ್ರಗಳಲ್ಲಿ ಅದು ಹೂವು, ಜಿಂಕೆ, ಸೇಬು ತುಂಬಿದ ವಿಹಾರವನ. ಆದಿಕಾಂಡದಲ್ಲಿ ಸೇಬಿನ ಸುದ್ದಿಯೇ ಇಲ್ಲ. ಹಣ್ಣು ಯಾವುದೆಂದು ಹೇಳಿಲ್ಲ, ಅಂಜೂರದ ಎಲೆ ಮಾತ್ರ ಹೆಸರಿನಿಂದ ಬರುತ್ತದೆ. ವಿಹಾರವೂ ಅಲ್ಲ. ಭೂಮಿಗೆ ಇನ್ನೂ ಮಳೆ ಬಂದಿಲ್ಲ, ಮಣ್ಣು ಕೆಲಸ ಮಾಡುವವರಿಲ್ಲ ಎಂಬಲ್ಲಿಂದ ಕಥೆ ಆರಂಭವಾಗುತ್ತದೆ. ದೇವರೇ ತೋಟ ಹಾಕಿ, ಅದನ್ನು ಸಾಗುವಳಿ ಮಾಡಿ ಕಾಯಲು ಮನುಷ್ಯನನ್ನು ಇಡುತ್ತಾನೆ. ಏದೆನ್‌ನಿಂದ ಹೊರಟ ನದಿ ನಾಲ್ಕು ಕವಲಾಗುತ್ತದೆ; ಅವುಗಳಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಇಂದಿಗೂ ಹರಿಯುತ್ತಿವೆ. ಆದಾಮ ಹವ್ವರನ್ನು ಹೊರದಬ್ಬಿದ ಮೇಲೆ ಸಿಗುವುದು ಮುಳ್ಳು, ಕಳೆ, ಬೆವರು. ಇದು ಮಳೆಯನ್ನೇ ನೆಚ್ಚಿದವರು ಕಟ್ಟಿದ ಕಥೆ, ಬಯಲುಸೀಮೆಯ ರೈತನಿಗೆ ಟಿಪ್ಪಣಿಯಿಲ್ಲದೆ ಅರ್ಥವಾಗುವಂಥದ್ದು. ಐಗುಪ್ತದಲ್ಲಿ ಕಾಯಿಪಲ್ಯದ ತೋಟಕ್ಕೆ ಕಾಲಿನಿಂದ ನೀರು ಹಾಯಿಸುತ್ತಿದ್ದಿರಿ, ಮುಂದಿನ ನಾಡು ಆಕಾಶದ ಮಳೆ ಕುಡಿಯುವಂಥದ್ದು ಎಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ. ನಮ್ಮ ಹಳೆಯ ಏತದ ಮರದ ಮೇಲೆ ನಡೆದಾಡಿ ನೀರೆತ್ತಿದವರನ್ನು ಕಂಡವರಿಗೆ ಆ ಮಾತು ಹೊಸದೆನಿಸದು.

ಅದೇ ಪುಸ್ತಕ ಆ ನಾಡಿನ ಬೆಳೆಗಳನ್ನೂ ಹೆಸರಿಸುತ್ತದೆ: ಗೋಧಿ, ಬಾರ್ಲಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್. ಆಲಿವ್ ಬಿಟ್ಟರೆ ಉಳಿದವು ಕರ್ನಾಟಕಕ್ಕೆ ಅಪರಿಚಿತವಲ್ಲ. ನಾಗಸಂದ್ರದ ಉತ್ತರಕ್ಕಿರುವ ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ‘ರೂಬಿ’ ದಾಳಿಂಬೆಯನ್ನು, ‘ಅರ್ಕಾವತಿ’ ಮತ್ತು ‘ಅರ್ಕಾ ಶ್ಯಾಮ್’ ದ್ರಾಕ್ಷಿ ತಳಿಗಳನ್ನು ಬೆಳೆಸಿಕೊಟ್ಟಿದೆ. ಅರ್ಕಾ ಶ್ಯಾಮ್‌ನ ತಾಯಿತಳಿ ನಮ್ಮದೇ ಬೆಂಗಳೂರು ನೀಲಿ ದ್ರಾಕ್ಷಿ.

ದ್ರಾಕ್ಷಿ ಎಂದ ಮೇಲೆ ನಾಬೋತನ ಕಥೆಗೆ ಬರಲೇಬೇಕು. ಬೈಬಲ್ಲಿನ ತೋಟಗಳಲ್ಲೆಲ್ಲ ಅತಿ ಗಟ್ಟಿಯಾದ ಕಥೆ ಇದೇ. ಏದೆನ್‌ಗಿಂತ ಹೆಚ್ಚು ಓದಬೇಕಾದದ್ದು. ಕ್ರಿ.ಪೂ. 9ನೇ ಶತಮಾನದಲ್ಲಿ ಇಸ್ರಾಯೇಲಿನ ಅರಸ ಅಹಾಬನಿಗೆ ಇಜ್ರೇಲಿನ ಅರಮನೆಯ ಪಕ್ಕದ ದ್ರಾಕ್ಷಿತೋಟ ಬೇಕೆನಿಸಿತು. ಅದನ್ನು ತರಕಾರಿ ತೋಟ ಮಾಡಿಕೊಳ್ಳುವ ಆಸೆ. ಬದಲಿಗೆ ಇನ್ನೂ ಒಳ್ಳೆಯ ತೋಟ ಕೊಡುವೆ, ಇಲ್ಲವೇ ರೊಕ್ಕ ಕೊಡುವೆ ಎಂದ. ಪಿತ್ರಾರ್ಜಿತ ಭೂಮಿ ಕೊಡಲಾರೆ ಎಂದ ನಾಬೋತ. ಅರಸ ಊಟ ಬಿಟ್ಟು ಮುಖ ತಿರುಗಿಸಿಕೊಂಡು ಮಲಗಿದ. ರಾಣಿ ಈಜೆಬೆಲ್ ಅರಸನ ಮುದ್ರೆಯೊತ್ತಿದ ಕಾಗದ ಬರೆಸಿ, ಇಬ್ಬರು ಸುಳ್ಳು ಸಾಕ್ಷಿಗಳನ್ನು ಹುಟ್ಟಿಸಿ, ದೇವದ್ರೋಹದ ಆಪಾದನೆ ಹೊರಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಕೆಲಸವೆಲ್ಲ ಕಾಗದದಲ್ಲೇ, ವಿಚಾರಣೆಯ ಹೆಸರಿನಲ್ಲೇ ಮುಗಿಯಿತು. ತೋಟದ ಸ್ವಾಧೀನಕ್ಕೆ ಹೊರಟ ಅಹಾಬನಿಗೆ ಅಲ್ಲೇ ಎದುರಾದವನು ಪ್ರವಾದಿ ಎಲೀಯ.

ಇಜ್ರೇಲಿನಲ್ಲಿ 2013ರಲ್ಲಿ ಅಗೆದವರಿಗೆ ಬಂಡೆಯಲ್ಲೇ ಕೊರೆದ, ದ್ರಾಕ್ಷಿ ತುಳಿದು ರಸ ತೆಗೆಯುವ ಪುರಾತನ ತೊಟ್ಟಿ ಸಿಕ್ಕಿತು. ನಾಬೋತನಿದ್ದ ಎನ್ನಲು ಅದು ಸಾಲದು. ಅಲ್ಲಿ ದ್ರಾಕ್ಷಿತೋಟಗಳಿದ್ದವು ಎನ್ನಲು ಸಾಕು.

ಬೆಂಗಳೂರಿನ ಹೊರವಲಯದಲ್ಲಿ ಈ ಕಥೆ ಓದುವವರಿಗೆ ದೇವನಹಳ್ಳಿ ನೆನಪಾಗದಿರದು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆ ಸ್ವಾಧೀನ ಮಾಡುವ ಯತ್ನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ತಾವಾಗಿ ಭೂಮಿ ಕೊಡುವವರಿಗೆ ಹೆಚ್ಚಿನ ಪರಿಹಾರ ಎಂದೂ ಹೇಳಿದರು. ಹೋಲಿಕೆಯನ್ನು ತೀರ ಎಳೆಯಬಾರದು. ಇಲ್ಲಿ ಸರ್ಕಾರ ಹಿಂದೆ ಸರಿಯಿತು, ಅಹಾಬ ಸರಿಯಲಿಲ್ಲ. ಆದರೆ ಒಳ್ಳೆಯ ಬೆಲೆ ಕೊಟ್ಟರೂ ಏಕೆ ಬೇಡವೆನ್ನುತ್ತಾರೆ ಎಂಬ ಅರಸನ ಗೊಂದಲ ಮಾತ್ರ ಹಳತಾಗಿಲ್ಲ. ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸುತ್ತ ಹೋಗುವವರನ್ನು ಪ್ರವಾದಿ ಯೆಶಾಯ ಶಪಿಸುವುದೂ ದ್ರಾಕ್ಷಿತೋಟದ ಹಾಡೊಂದರ ಬೆನ್ನಿಗೇ.

ಅರಮನೆಯ ತೋಟಗಳ ಕುರುಹೂ ನೆಲದಲ್ಲಿ ಉಳಿದಿದೆ. ಜೆರುಸಲೇಮಿನ ಬಳಿಯ ರಾಮತ್ ರಾಹೇಲ್‌ನಲ್ಲಿ, ಹಳೆಯ ಉದ್ಯಾನದ ನೀರ್ಗಾಲುವೆಗೆ ಬಳಿದ ಗಾರೆ ಹಸಿಯಿದ್ದಾಗ ಅಂಟಿದ ಪರಾಗಕಣಗಳನ್ನು ವಿಜ್ಞಾನಿಗಳು ಬಿಡಿಸಿ ನೋಡಿದರು. ಪರ್ಷಿಯನ್ ಆಳ್ವಿಕೆಯ ಕಾಲದ ಪದರದಲ್ಲಿ ಲೆಬನಾನಿನ ದೇವದಾರು, ಅಕ್ರೋಟು, ಜೊತೆಗೆ ಮಾದಲ ಸಿಕ್ಕವು. ಮಾದಲದ ಮೂಲ ಹಿಮಾಲಯದ ತಪ್ಪಲು, ನಮ್ಮ ಈಶಾನ್ಯದ ಕಡೆ. ಪರಮಗೀತೆಯ ಬೇಲಿ ಹಾಕಿದ ತೋಟದ ಪ್ರಣಯ, ಕಥೋಲಿಕರ ಬೈಬಲ್ಲಿನಲ್ಲಿ ಬರುವ ಸುಸನ್ನಳ ತೋಟದ ಮೋಸ ಎರಡೂ ಇಂಥ ಸಿರಿವಂತರ ಲೋಕದವು.

ಹೊಸ ಒಡಂಬಡಿಕೆಗೆ ಬಂದರೆ ತೋಟ ಕತ್ತಲಾಗುತ್ತದೆ. ಯೇಸುವನ್ನು ಹಿಡಿಯುವುದು ಕಿದ್ರೋನ್ ಹಳ್ಳದಾಚೆಯ ತೋಟದಲ್ಲಿ. ಗೆತ್ಸೇಮನೆ ಎಂಬ ಹೆಸರು ಸುವಾರ್ತಾಕಾರರಾದ ಮತ್ತಾಯ, ಮಾರ್ಕರದ್ದು. ಯೋಹಾನನಿಗೆ ಅದು ಬರೀ ತೋಟ. ಅಲ್ಲೀಗ 1924ರಲ್ಲಿ ಪೂರ್ಣಗೊಂಡ ಚರ್ಚಿದೆ, ಪಕ್ಕದಲ್ಲಿ ಎಂಟು ಮುದಿ ಆಲಿವ್ ಮರಗಳಿವೆ. ಅವು ಯೇಸುವನ್ನು ಕಂಡಿವೆ ಎಂಬುದು ಯಾತ್ರಿಕರ ನಂಬಿಕೆ. 2012ರಲ್ಲಿ ಹೊರಬಂದ ಇಟಲಿಯ ಸಂಶೋಧಕರ ಅಧ್ಯಯನದ ಪ್ರಕಾರ, ವಯಸ್ಸು ಲೆಕ್ಕ ಹಾಕಲಾದ ಮೂರು ಮರಗಳ ಕಾಂಡಗಳು 12ನೇ ಶತಮಾನದ ಆಸುಪಾಸಿನವು. ಕ್ರಿ.ಶ. 70ರ ಮುತ್ತಿಗೆಯಲ್ಲಿ ರೋಮನ್ನರು ನಗರದ ಸುತ್ತಲಿನ ಮರಗಳನ್ನು ಕಡಿದರೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಎಂಟೂ ಒಂದೇ ಮರದ ವಂಶದವೆಂದು ಅದೇ ಅಧ್ಯಯನ ತಿಳಿಸಿತು. ಅಂದರೆ ಯಾರೋ ಒಂದೇ ಮರದಿಂದ ಕಡ್ಡಿ ಮುರಿದು ಸಾಲಾಗಿ ನೆಟ್ಟಿದ್ದಾರೆ.

ಯೋಹಾನನ ಪ್ರಕಾರ ಸಮಾಧಿಯೂ ತೋಟದಲ್ಲೇ. ನಸುಕಿನಲ್ಲಿ ಅಲ್ಲಿಗೆ ಬಂದ ಮಗ್ದಲದ ಮರಿಯ, ಎದ್ದು ಬಂದ ಯೇಸುವನ್ನು ಗುರುತಿಸದೆ ತೋಟದ ಮಾಲಿಯೆಂದು ತಿಳಿಯುತ್ತಾಳೆ. ರೆಂಬ್ರಾಂಟ್ 1638ರಲ್ಲಿ ಈ ಪ್ರಸಂಗ ಚಿತ್ರಿಸುವಾಗ ಯೇಸುವಿಗೆ ಅಗಲ ಅಂಚಿನ ಟೋಪಿ ಹಾಕಿ, ಕೈಗೆ ಸಲಿಕೆ ಕೊಟ್ಟ. ಆಕೆಯ ತಪ್ಪಿಗೆ ಕಾರಣವಿತ್ತು ಎಂದು ವಾದಿಸಿದ ಹಾಗಿದೆ ಆ ಚಿತ್ರ. ಅಂಥ ವ್ಯಾಖ್ಯಾನಕಾರ ಕಲಾವಿದರೊಬ್ಬರು ನಮ್ಮ ನೆರೆಯಲ್ಲೂ ಇದ್ದಾರೆ. 1944ರಲ್ಲಿ ಹುಟ್ಟಿದ ಜ್ಯೋತಿ ಸಾಹಿ ಹೆಸರಘಟ್ಟ ರಸ್ತೆ ಕಡೆಯ ಸಿಲ್ವೆಪುರದಲ್ಲಿ ಕಲಾ ಆಶ್ರಮ ಕಟ್ಟಿ, ಬೈಬಲ್ಲಿನ ಕಥೆಗಳನ್ನು ಈ ನೆಲದ ಜನಪದ ಸಂಕೇತಗಳಲ್ಲಿ ಬರೆದವರು. ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಬರುವುದು ಮರ. ಶಿಲುಬೆಯೂ ಅನೇಕ ಕಡೆ ಬೇರು, ಕೊಂಬೆಗಳ ಜೀವವೃಕ್ಷವೇ.