ಬರ್ಮಂಡ್ಸಿಯ ಬಿಸಿಲುಮನೆ

ಕ್ಷಯವನ್ನು ನಮ್ಮ ಹಿರಿಯರು ರಾಜಯಕ್ಷ್ಮವೆಂದು ಕರೆದರು. ಹೆಸರಿನಲ್ಲಿ ರಾಜನಿದ್ದರೂ ಅದು ಬೇರೂರುವುದು ಹೆಚ್ಚಾಗಿ ಬಡವರ ಮನೆಯಲ್ಲಿ. ಇದಕ್ಕೆ ಲಂಡನ್ನಿನ ಬರ್ಮಂಡ್ಸಿ ವಿಭಾಗದ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ಥೇಮ್ಸ್ ನದಿಯ ದಕ್ಷಿಣ ದಡದ ಈ ಪ್ರದೇಶದಲ್ಲಿ ಮೊದಲನೆಯ ಮಹಾಯುದ್ಧ ಮುಗಿದಾಗ ಒಂದು ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಎಲ್ಲಿ ನೋಡಿದರೂ ಹಡಗುಕಟ್ಟೆಗಳು, ಚರ್ಮ ಹದಮಾಡುವ ಮತ್ತು ಬಿಸ್ಕತ್ತು, ಜಾಮ್ ತಯಾರಿಸುವ ಕಾರ್ಖಾನೆಗಳು. ಅವುಗಳ ನಡುವೆ ಬೆಳಕು ಕಾಣದ ಓಣಿಗಳು. ರೋಗಿಯು ಕೆಮ್ಮಿದಾಗ ಸಿಡಿಯುವ ಸೂಕ್ಷ್ಮ ಹನಿಗಳಲ್ಲಿ ಕ್ಷಯದ ಕ್ರಿಮಿಯು ಗಾಳಿಯಲ್ಲಿ ತೇಲುತ್ತಿರುತ್ತದೆ. ಗಾಳಿಯಾಡದ ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗಿದರೆ ಒಬ್ಬನ ರೋಗ ಉಳಿದವರ ಪಾಲಾಗಲು ತಡವೇನು?

ಆಲ್ಫ್ರೆಡ್ ಸಾಲ್ಟರ್ ಎಂಬ ವೈದ್ಯರು ಇಲ್ಲಿಯೇ ಮನೆ ಮಾಡಿದ್ದರು. ಅವರ ಒಬ್ಬಳೇ ಮಗಳು 1910ರಲ್ಲಿ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಳು. ಆದರೂ ದಂಪತಿಗಳು ಆ ಊರನ್ನು ಬಿಡಲಿಲ್ಲ. 1922ರಲ್ಲಿ ಪುರಸಭೆಯು ಲೇಬರ್ ಪಕ್ಷದ ಕೈಗೆ ಬಂದಿತು. ಪತ್ನಿ ಏಡಾ ಸಾಲ್ಟರ್ ಮೇಯರಾದರು. ಮುಂದೆ ನಡೆದುದು ಸ್ವಾರಸ್ಯವಾದುದು. ಪುರಸಭೆಯ ವೈದ್ಯರು ತಾವೇ ಚಲನಚಿತ್ರ ತೆಗೆದು, ಮೋಟಾರು ಗಾಡಿಯಲ್ಲಿ ಒಯ್ದು, ಬೀದಿದೀಪದ ಕಂಬದಿಂದ ವಿದ್ಯುತ್ತು ಪಡೆದು, ಓಣಿಯ ಮಕ್ಕಳಿಗೆ ಆರೋಗ್ಯ ಪಾಠವನ್ನು ತೋರಿಸಿದರು. (ಸಿನಿಮಾ ಕೆಡಿಸುತ್ತದೆಂದು ಹೇಳುವ ಹಿರಿಯರು ಇದನ್ನು ಗಮನಿಸಬೇಕು!) ಸ್ವಿಟ್ಜರ್ಲೆಂಡಿನ ಲೇಸಾಂ ಎಂಬ ಬೆಟ್ಟದೂರಿನಲ್ಲಿ ರೋಲಿಯೆ ಎಂಬ ವೈದ್ಯರು ಬಿಸಿಲಿನಿಂದ ಕ್ಷಯಕ್ಕೆ ಚಿಕಿತ್ಸೆ ಮಾಡುತ್ತಿದ್ದರು. ಬರ್ಮಂಡ್ಸಿಯು ತನ್ನ ಕೆಲವು ಬಡ ರೋಗಿಗಳನ್ನು ತನ್ನ ಖರ್ಚಿನಲ್ಲಿಯೇ ಅಲ್ಲಿಗೆ ಕಳುಹಿಸಿತು. ಎಲ್ಲರನ್ನೂ ಕಳುಹಿಸಲಾದೀತೆ? 1926ರಲ್ಲಿ ಕೃತಕ ಬಿಸಿಲಿನ ದೀಪಗಳುಳ್ಳ ಚಿಕಿತ್ಸಾಲಯವನ್ನು ಊರಿನಲ್ಲಿಯೇ ತೆರೆಯಿತು.

ಈ ದೀಪಗಳಿಂದ ರೋಗ ವಾಸಿಯಾಯಿತೆ? ಚರ್ಮದ ಕ್ಷಯಕ್ಕೆ ಬೆಳಕಿನಿಂದ ಪ್ರಯೋಜನವುಂಟು. ಶ್ವಾಸಕೋಶದ ಕ್ಷಯಕ್ಕೆ ಅದು ಮದ್ದಲ್ಲ. ಕ್ರಿಮಿಯನ್ನೇ ಹೊಡೆಯುವ ಸ್ಟ್ರೆಪ್ಟೊಮೈಸಿನ್ ದೊರೆತುದು 1943ರಲ್ಲಿ. ಆದರೆ ಇಂಗ್ಲೆಂಡಿನಲ್ಲಿ ಕ್ಷಯದ ಸಾವುಗಳು ಅದಕ್ಕೆ ಬಹಳ ಮೊದಲೇ ಇಳಿಮುಖವಾಗಿದ್ದವು. ಊಟ, ವಸತಿ, ರೋಗಿಯನ್ನು ಬೇರೆ ಮಲಗಿಸುವುದು, ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ನನ್ನ ಒಲವು ವಸತಿಯ ಕಡೆಗೆ. ಸಾಲ್ಟರ್ ದಂಪತಿಗಳಿಗೂ ಇದೇ ಹಂಬಲವಿದ್ದಿತು: ಕೊಳೆತ ಓಣಿಗಳನ್ನು ಕೆಡವಿ, ಪ್ರತಿ ಸಂಸಾರಕ್ಕೂ ಹಿತ್ತಿಲುಳ್ಳ ಮನೆ ಕಟ್ಟಬೇಕೆಂದು. ಅದು ಪೂರ್ತಿಯಾಗಿ ಕೈಗೂಡಲಿಲ್ಲ. ವಿಲ್ಸನ್ ಗ್ರೋವ್ ಎಂಬಲ್ಲಿ ಅಂತಹ ಕೆಲವು ಮನೆಗಳು ಮಾತ್ರ ಎದ್ದವು. ಅವು ಇಂದಿಗೂ ನಿಂತಿವೆ, ಜನ ವಾಸವಾಗಿದ್ದಾರೆ.