ಮನೆ ಬದಲಾಗುವ ವರ್ಷದಲ್ಲಿ ಕೊಟ್ಟಿಗೆ ಉಳಿಸಿಕೊಳ್ಳುವುದು ಹೇಗೆ?

ನಲವತ್ತೈದರಿಂದ ಐವತ್ತೈದರ ನಡುವೆ ಹೆಣ್ಣಿನ ಬದುಕಿನಲ್ಲಿ ಹಲವು ಬದಲಾವಣೆಗಳು ಒಟ್ಟಿಗೇ ಬರುತ್ತವೆ. ಮಗಳ ಮದುವೆ ಆಗುತ್ತದೆ. ಮಗ ಬೆಂಗಳೂರಿಗೋ ಮಂಗಳೂರಿಗೋ ಕೆಲಸಕ್ಕೆ ಹೋಗುತ್ತಾನೆ. ಅತ್ತೆ ಮಾವ ಹಾಸಿಗೆ ಹಿಡಿಯುತ್ತಾರೆ. ಅಣ್ಣತಮ್ಮಂದಿರು ಪಾಲಾಗಿ ಬೇರೆ ಮನೆ ಕಟ್ಟಬೇಕಾಗುತ್ತದೆ. ಕೆಲವು ಮನೆಗಳಲ್ಲಿ ಯಜಮಾನರೇ ತೀರಿಕೊಳ್ಳುತ್ತಾರೆ. ಯಸಳೂರು, ಹೆತ್ತೂರು, ಹಾನುಬಾಳು, ಆಲೂರಿನ ಪಾಳ್ಯ, ಕುಂದೂರು ಹೋಬಳಿಗಳ ಯಾವ ಊರಿಗೆ ಹೋದರೂ ಇಂಥ ಮನೆಗಳಿವೆ.

ಇಂಥ ವರ್ಷದಲ್ಲಿ ಮೊದಲು ಮಾರಾಟವಾಗುವುದು ಹಸು. ತೋಟ ಮಾರಲು ಹತ್ತು ಸಹಿ ಬೇಕು, ಹಸು ಮಾರಲು ಒಂದು ಫೋನ್ ಸಾಕು. ಆದರೆ ಮನೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಕೈಗೆ ಬರುವ ಹಣ ಹಾಲಿನ ಬಟವಾಡೆ ಮಾತ್ರ. ಕಾಫಿ, ಮೆಣಸಿನ ಹಣ ವರ್ಷಕ್ಕೊಮ್ಮೆ. ಆದ್ದರಿಂದ ಅವಸರದಲ್ಲಿ ಹಸು ಮಾರುವುದಕ್ಕೂ ಮುಂಚೆ ನೋಡಬೇಕಾದ ನಾಲ್ಕು ವಿಷಯಗಳನ್ನು ಇಲ್ಲಿ ಕೊಟ್ಟಿದ್ದೇವೆ: ಹಸುವಿನ ಲೆಕ್ಕ, ಸಂಘದ ಸದಸ್ಯತ್ವ, ಮನೆಯ ಕಾಗದ ಪತ್ರ, ಮತ್ತು ನಿಮ್ಮ ಆರೋಗ್ಯ.

1. ಹಸುವಿನ ವರ್ಷವನ್ನು ಮೊದಲು ಓದಿ

ಹಸುವಿನ ಗಬ್ಬದ ಅವಧಿ ಸುಮಾರು 280 ದಿನ. ಕರು ಹಾಕುವ ಮುಂಚೆ 60 ದಿನ ಹಾಲು ಬತ್ತಿಸಬೇಕು. ಆ ಎರಡು ತಿಂಗಳು ಹಸು ತಿನ್ನುತ್ತದೆ, ಹಾಲು ಕೊಡುವುದಿಲ್ಲ. ಮನೆಯಲ್ಲಿ ಕಷ್ಟ ಬಂದಾಗ 'ಇದರಿಂದ ಏನೂ ಬರುತ್ತಿಲ್ಲ, ಕೊಟ್ಟುಬಿಡೋಣ' ಅನಿಸುವುದು ಇಂಥ ಹಸುವಿನ ಮೇಲೆಯೇ. ಲೆಕ್ಕ ಹಾಕಿ ನೋಡಿದರೆ ಬೇರೆಯೇ ಕಾಣುತ್ತದೆ.

ಉದಾಹರಣೆಗೆ, ಬತ್ತಿದ ಹಸುವಿಗೆ ದಿನಕ್ಕೆ 150 ರೂ. ಮೇವಿನ ಖರ್ಚು ಎಂದಿಟ್ಟುಕೊಳ್ಳಿ. 60 ದಿನಕ್ಕೆ 9,000 ರೂ. ಕರು ಹಾಕಿದ ಮೇಲೆ ಮೊದಲ 100 ದಿನ ಸರಾಸರಿ 12 ಲೀಟರ್ ಹಾಲು, ಲೀಟರಿಗೆ 35 ರೂ. ದರ ಮತ್ತು 5 ರೂ. ಸರ್ಕಾರದ ಪ್ರೋತ್ಸಾಹಧನ ಸೇರಿ 40 ರೂ. ಎಂದುಕೊಂಡರೆ ದಿನಕ್ಕೆ 480 ರೂ. ಮೇವು, ಪಶು ಆಹಾರಕ್ಕೆ 250 ರೂ. ಕಳೆದರೆ ಉಳಿಯುವುದು 230 ರೂ. ಅಂದರೆ ಬತ್ತಿದ ಕಾಲದ ಖರ್ಚು ಕರು ಹಾಕಿದ 40 ದಿನಗಳಲ್ಲಿ ತಿರುಗಿ ಬರುತ್ತದೆ. ಪ್ರೋತ್ಸಾಹಧನ ಬಟವಾಡೆಯ ಜೊತೆ ಬರದೆ ಬೇರೆಯಾಗಿ, ತಡವಾಗಿ ಬರುತ್ತದೆ ಎಂಬುದು ನೆನಪಿರಲಿ. ನಿಮ್ಮ ಸಂಘದ ದರ, ನಿಮ್ಮ ಖರ್ಚು ಹಾಕಿ ನೀವೇ ಲೆಕ್ಕ ಮಾಡಿ.

ಮೂರು ನಾಲ್ಕು ಹಸು ಒಬ್ಬರ ಕೈಯಲ್ಲಿ ಆಗುವುದಿಲ್ಲ ಎನ್ನುವುದೂ ನಿಜ. ಹಾಗಿದ್ದರೆ ಕಡಿಮೆ ಮಾಡಿ, ಆದರೆ ಆರಿಸಿ ಕಡಿಮೆ ಮಾಡಿ. ಪದೇ ಪದೇ ಇಂಜೆಕ್ಷನ್ ಮಾಡಿಸಿದರೂ ಗಬ್ಬ ನಿಲ್ಲದ ಹಸು ಮೊದಲು. ಮತ್ತೆ ಮತ್ತೆ ಕೆಚ್ಚಲು ಬಾವು ಬರುವ ಹಸು ಆಮೇಲೆ. ಏಳೆಂಟು ಕರು ಹಾಕಿದ ಹಸು ಅದರ ನಂತರ. ಹಸು ಸಾಮಾನ್ಯವಾಗಿ ಮೂರರಿಂದ ಐದನೇ ಸೂಲಿನಲ್ಲಿ ಹೆಚ್ಚು ಹಾಲು ಕೊಡುತ್ತದೆ. ಆದ್ದರಿಂದ ಎರಡನೇ ಸೂಲು ಮುಗಿಸಿ ಗಬ್ಬವಾಗಿರುವ ಹಸುವನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಒಬ್ಬರೇ ನೋಡಿಕೊಳ್ಳುವ ಮನೆಯಲ್ಲಿ ಕರೆಯುವ ಹಸು ಎರಡು, ಬೆಳೆಯುವ ಕಡಸು ಒಂದು ಇದ್ದರೆ ಕೈಗೆ ಹಿಡಿತ.

ನಮ್ಮ ಕಡೆ ಇನ್ನೊಂದು ವಿಷಯವಿದೆ. ಅರೇಬಿಕಾ ಕೊಯ್ಲಿನ ಕಾಲದಲ್ಲಿ, ಡಿಸೆಂಬರ್ ಜನವರಿಯಲ್ಲಿ, ಹೆಣ್ಣುಮಕ್ಕಳಿಗೆ ಬಿಡುವೇ ಇರುವುದಿಲ್ಲ. ಮನೆಯಲ್ಲಿ ಎರಡನೇ ಜೋಡಿ ಕೈ ಇಲ್ಲದಾಗ ಹಸು ಆ ಹೊತ್ತಿಗೆ ಬತ್ತಿದ್ದರೆ ಕೆಲಸ ಹಗುರ. ಏಪ್ರಿಲ್ 26ರ ಸುಮಾರಿಗೆ ಕೃತಕ ಗರ್ಭಧಾರಣೆ ಮಾಡಿಸಿ ಗಬ್ಬ ನಿಂತರೆ, ಹಸು ಜನವರಿ ಕೊನೆಗೆ ಕರು ಹಾಕುತ್ತದೆ; ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಬತ್ತಿಸಬಹುದು. ಬೆದೆ 21 ದಿನಕ್ಕೊಮ್ಮೆ ಬರುವುದರಿಂದ ಒಂದು ಬೆದೆ ಮುಂದೆ ಹಿಂದೆ ಮಾಡಿ ದಿನ ಹೊಂದಿಸಿಕೊಳ್ಳಲು ಸಾಧ್ಯ. ಕ್ಯಾಲೆಂಡರಿನಲ್ಲಿ ಪ್ರತಿ ಹಸುವಿನ ಬೆದೆ, ಇಂಜೆಕ್ಷನ್, ಬತ್ತಿಸುವ ದಿನ, ಕರು ಹಾಕುವ ದಿನ ಬರೆದಿಡಿ. ಈ ಲೆಕ್ಕ ಯಜಮಾನರ ತಲೆಯಲ್ಲಿ ಮಾತ್ರ ಇದ್ದರೆ ಅವರಿಲ್ಲದ ದಿನ ಯಾರಿಗೂ ಸಿಗುವುದಿಲ್ಲ.

ಶ್ರಮ ಉಳಿಸುವ ದಾರಿಗಳನ್ನೂ ಇದೇ ವರ್ಷ ಯೋಚಿಸಿ. ದೂರದ ಗದ್ದೆ ಬದುವಿನಿಂದ ಹುಲ್ಲು ಹೊರುವ ಬದಲು ಕೊಟ್ಟಿಗೆ ಪಕ್ಕದಲ್ಲೇ ನೇಪಿಯರ್ ಹುಲ್ಲು ಹಾಕಿ. ಮಳೆ ಹಿಡಿದ ಮೇಲೆ ಹುಲ್ಲಿಗೆ ಹೋಗುವುದು, ಉಂಬಳ ಕಚ್ಚಿಸಿಕೊಳ್ಳುವುದು ಎರಡೂ ತಪ್ಪುತ್ತದೆ. ಒಣ ಹುಲ್ಲನ್ನು ಬೇಸಿಗೆಯಲ್ಲೇ ಮಾಡಿನ ಕೆಳಗೆ ಸೇರಿಸಿ. ಹೊಸ ಮನೆ ಕಟ್ಟುವವರು ನೀರಿನ ತೊಟ್ಟಿ, ಗಂಜಲ ಹೋಗುವ ಕಾಲುವೆ, ಜಾರದ ನೆಲ ಇವನ್ನು ಅಡಿಗೆ ಮನೆಯ ನಕ್ಷೆಯಷ್ಟೇ ಮುಖ್ಯವೆಂದು ಹಾಕಿಸಿ. ಬೆಳಗಿನ ಜಾವ ಹಾಲು ಹಿಡಿದು ಒಬ್ಬರೇ ನಡೆಯಬೇಡಿ. ಆನೆ ಇರುವ ಕಡೆ ಅಕ್ಕಪಕ್ಕದ ಮನೆಯವರು ಜೊತೆಗೂಡಿ ಹೋಗುವುದು, ಆನೆ ಸಂಚಾರದ ಮಾಹಿತಿಯನ್ನು ಅರಣ್ಯ ಸಿಬ್ಬಂದಿಯಿಂದ ಮೊಬೈಲಿಗೆ ಪಡೆಯುವುದು ಒಳ್ಳೆಯದು.

2. ಸಂಘದಲ್ಲಿ ಹೆಸರು ಯಾರದು?

ಹಾಲು ಕರೆಯುವವರು, ಕೊಟ್ಟಿಗೆ ತೊಳೆಯುವವರು ಹೆಂಗಸರು. ಸಂಘದ ಪುಸ್ತಕದಲ್ಲಿ ಇರುವುದು ಗಂಡಸರ ಹೆಸರು. ಎಲ್ಲ ಸರಿ ಇರುವಾಗ ಇದು ಯಾರಿಗೂ ತೊಂದರೆ ಅನಿಸುವುದಿಲ್ಲ. ಯಜಮಾನರು ತೀರಿಕೊಂಡರೆ ಅಥವಾ ಮನೆ ಪಾಲಾದರೆ ಅಂದೇ ತೊಂದರೆ ಶುರು. ಪ್ರೋತ್ಸಾಹಧನ ಸದಸ್ಯರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗುತ್ತದೆ. ತೀರಿಕೊಂಡವರ ಖಾತೆಗೆ ಹೋದ ಹಣ ತೆಗೆಯಲು ಓಡಾಡಬೇಕು. ಬೋನಸ್, ಷೇರು ಹಣ, ಸರ್ವಸದಸ್ಯರ ಸಭೆಯ ಮತ ಎಲ್ಲವೂ ಆ ಹೆಸರಿಗೇ ಅಂಟಿಕೊಂಡಿರುತ್ತವೆ.

ಸದಸ್ಯರು ತೀರಿಕೊಂಡಾಗ ಅವರ ಷೇರು ನಾಮನಿರ್ದೇಶಿತರಿಗೆ, ನಾಮನಿರ್ದೇಶನ ಇಲ್ಲದಿದ್ದರೆ ವಾರಸುದಾರರಿಗೆ ವರ್ಗವಾಗುತ್ತದೆ. ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಅರ್ಜಿ ಪಡೆದದ್ದಕ್ಕೆ ಸಹಿ ತೆಗೆದುಕೊಳ್ಳಿ. 'ಅದೇ ಪುಸ್ತಕದಲ್ಲಿ ಹಾಕುತ್ತಾ ಇರಿ, ಆಮೇಲೆ ನೋಡೋಣ' ಎಂಬ ಮಾತಿಗೆ ಒಪ್ಪಬೇಡಿ. ಸಂಘದ ಬೈಲಾದಂತೆ ವರ್ಷದಲ್ಲಿ ಇಷ್ಟು ದಿನ, ಇಷ್ಟು ಲೀಟರ್ ಹಾಲು ಹಾಕಿದವರಿಗೆ ಮಾತ್ರ ಮತದ ಹಕ್ಕು. ನೀವು ಹಾಕಿದ ಹಾಲು ನಿಮ್ಮ ಹೆಸರಿಗೇ ಲೆಕ್ಕವಾಗಬೇಕು.

ಯಜಮಾನರು ಚೆನ್ನಾಗಿರುವ ಮನೆಗಳಲ್ಲಿ ಇದನ್ನು ಈಗಲೇ ಮಾತಾಡಿ. ನಾಮನಿರ್ದೇಶನ ಬರೆಸಿದ್ದಾರೆಯೇ, ಯಾರ ಹೆಸರು ಬರೆಸಿದ್ದಾರೆ ಎಂದು ಕೇಳಿ. ಮದುವೆಗೆ ಮುಂಚೆ ಸದಸ್ಯರಾದವರ ಅರ್ಜಿಯಲ್ಲಿ ಇಂದಿಗೂ ತೀರಿಹೋದ ತಾಯಿಯ ಹೆಸರೇ ಇರಬಹುದು.

ಹೆಣ್ಣುಮಕ್ಕಳಿಗೆ ಡೇರಿ ಆಡಳಿತ ಹೊಸದೇನಲ್ಲ. ಕೇಂದ್ರ ಸರ್ಕಾರ 1986-87ರಲ್ಲಿ ಆರಂಭಿಸಿದ 'ಸ್ಟೆಪ್' ಯೋಜನೆಯಡಿ ಕರ್ನಾಟಕದಲ್ಲಿ ಮಹಿಳೆಯರೇ ಸದಸ್ಯರು, ಮಹಿಳೆಯರೇ ಕಾರ್ಯದರ್ಶಿ ಆಗಿರುವ ಹಾಲು ಸಂಘಗಳು ಕಟ್ಟಿಕೊಂಡವು. ಮಕ್ಕಳು ದೊಡ್ಡವರಾಗಿ ಕೈ ಬಿಡುವಾದ ವಯಸ್ಸು ಹಾಲು ಪರೀಕ್ಷಕಿ, ಕಾರ್ಯದರ್ಶಿ, ನಿರ್ದೇಶಕಿ ಆಗಲು ಒಳ್ಳೆಯ ವಯಸ್ಸೇ.

3. ಮನೆಯ ಕಾಗದ ಪತ್ರ: ಯಾವುದು ಮೊದಲು?

ಸಾವು ನಡೆದ ಮನೆಯಲ್ಲಿ ಮೊದಲ ಕೆಲಸ ಮರಣ ನೋಂದಣಿ. 21 ದಿನದೊಳಗೆ ಮಾಡಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ದಂಡ, ಓಡಾಟ ಹೆಚ್ಚು. ಪ್ರಮಾಣಪತ್ರದ ಐದಾರು ಪ್ರತಿ ತೆಗೆದಿಡಿ.

ಎರಡನೆಯದು ಯಜಮಾನರ ಬ್ಯಾಂಕ್ ಪಾಸ್‌ಬುಕ್ ನೋಡುವುದು. ಮೇ ಕೊನೆ, ಜೂನ್ ಹೊತ್ತಿಗೆ 436 ರೂ. ಕಡಿತವಾಗಿದ್ದರೆ ಅದು ಜೀವನ್ ಜ್ಯೋತಿ ವಿಮೆ. ಯಾವ ಕಾರಣದ ಸಾವಿಗೂ 2 ಲಕ್ಷ ರೂ. ಬರುತ್ತದೆ. ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ. 20 ರೂ. ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ; ಅಪಘಾತದ ಸಾವಿಗೆ 2 ಲಕ್ಷ ರೂ. ಕೇಳದಿದ್ದರೆ ಈ ಹಣ ಬರುವುದಿಲ್ಲ. ಇನ್ನೊಂದು ಮಾತು: ಜೀವನ್ ಜ್ಯೋತಿಗೆ ಹೊಸದಾಗಿ ಸೇರಲು 50 ವರ್ಷವೇ ಕೊನೆ. ಅಷ್ಟರೊಳಗೆ ಸೇರಿದವರು 55ರವರೆಗೆ ಮುಂದುವರಿಸಬಹುದು. ನಿಮಗೆ 48, 49 ಆಗಿದ್ದರೆ ಈ ವರ್ಷವೇ ಸೇರಿಕೊಳ್ಳಿ.

ಮೂರನೆಯದು ಹಸುವಿನ ವಿಮೆ. ವಿಮೆ ಯಜಮಾನರ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿಗೆ ಬದಲಾಯಿಸಲು ಸಂಘದ ಮೂಲಕ ಬರೆದುಕೊಡಿ. ಕಿವಿಯ 12 ಅಂಕಿಯ ಓಲೆ ಬಿದ್ದಿದ್ದರೆ ತಕ್ಷಣ ತಿಳಿಸಿ ಮತ್ತೆ ಹಾಕಿಸಿ. ಓಲೆ ಇಲ್ಲದ ಹಸು ಸತ್ತರೆ ಪರಿಹಾರ ಕಷ್ಟ.

ನಾಲ್ಕನೆಯದು ಜಮೀನು. ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲು ಬರೆಯದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಪ್ರತಿ ಮಗ, ಪ್ರತಿ ಮಗಳು ಮತ್ತು ತೀರಿಕೊಂಡವರ ತಾಯಿ ಸಮಪಾಲಿನವರು. ಅತ್ತೆ, ನೀವು, ಒಬ್ಬ ಮಗ, ಒಬ್ಬ ಮಗಳು ಇದ್ದರೆ ನಾಲ್ಕು ಸಮ ಪಾಲು. ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ; ಅದರಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ನಿಯಮಗಳಿವೆ.

ಸಾವಿನ ಕೆಲವೇ ವಾರದಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುವುದುಂಟು. ಓದಿಸಿ ಕೇಳದೆ, ಒಂದು ರಾತ್ರಿ ಕಳೆಯದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಮನೆ ಪಾಲಾದವರು ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಯಾರೆಂದು ಸರಿಯಾಗಿ ಬರೆಸಿ. ಗೃಹಲಕ್ಷ್ಮಿ ಹಣ ಆ ಹೆಸರಿಗೆ ಬರುತ್ತದೆ. ಹಸು ಕೊಳ್ಳಲು, ಮೇವಿಗೆ ಸಾಲ ಬೇಕಾದರೆ ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ಹೈನುಗಾರರಿಗೂ ಇದೆ. ಬಡ್ಡಿ ಎಷ್ಟು, ಗಡುವಿನೊಳಗೆ ಕಟ್ಟಿದರೆ ಎಷ್ಟು ರಿಯಾಯಿತಿ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಕೈಸಾಲದ ಬಡ್ಡಿಗೆ ಹೋಲಿಸಿ ನೋಡಿ.

4. ನಿಮ್ಮ ಮೈಯ ಲೆಕ್ಕ

ಮುಟ್ಟು ನಿಲ್ಲುವ ಕಾಲವೂ ಇದೇ ವಯಸ್ಸಿಗೆ ಬರುತ್ತದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46, 47ರ ಸುಮಾರು. ಮೈ ಬಿಸಿಯಾಗುವುದು, ರಾತ್ರಿ ಬೆವರು, ನಿದ್ದೆ ಬಾರದಿರುವುದು, ಸಿಟ್ಟು, ಕೀಲು ನೋವು ಇವನ್ನೆಲ್ಲ ದುಡಿತದ ಆಯಾಸ ಎಂದು ತಳ್ಳಿಹಾಕುವವರೇ ಹೆಚ್ಚು. ಇವೆಲ್ಲ ಸಹಜವಿರಬಹುದು, ಆದರೆ ಎರಡು ವಿಷಯಕ್ಕೆ ಕಾಯಬಾರದು. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ವೈದ್ಯರನ್ನು ನೋಡಬೇಕು. ಮುಟ್ಟು ನಿಲ್ಲುವ ಮುಂಚೆ ವಿಪರೀತ ಸ್ರಾವವಾಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ 30 ವರ್ಷ ದಾಟಿದವರಿಗೆ ಬಿ.ಪಿ., ಸಕ್ಕರೆ, ಬಾಯಿ, ಸ್ತನ, ಗರ್ಭಕಂಠ ಕ್ಯಾನ್ಸರ್ ತಪಾಸಣೆ ಉಚಿತ.

ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ. ಜಾರುವ ಕೊಟ್ಟಿಗೆಯಲ್ಲಿ ಓಡಾಡುವವರಿಗೆ ಇದು ಸಣ್ಣ ಮಾತಲ್ಲ. ಈ ವಯಸ್ಸಿನ ಹೆಂಗಸಿಗೆ ದಿನಕ್ಕೆ ಸುಮಾರು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 600, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಹತ್ತು ಲೀಟರ್ ಡೇರಿಗೆ ಸುರಿದು ತಾವು ಕಪ್ಪು ಕಾಫಿ ಕುಡಿಯುವ ತಾಯಂದಿರು ಇದನ್ನು ಗಮನಿಸಬೇಕು. 35 ರೂ. ದರದಲ್ಲಿ ಆ ಅರ್ಧ ಲೀಟರಿನ ಬೆಲೆ ಹದಿನೇಳೂವರೆ ರೂಪಾಯಿ. ಮುರಿದ ಸೊಂಟದ ಆಸ್ಪತ್ರೆ ಖರ್ಚಿಗೆ ಹೋಲಿಸಿದರೆ ಅದು ಖರ್ಚೇ ಅಲ್ಲ.

ಯಶಸ್ವಿನಿ ಆರೋಗ್ಯ ಯೋಜನೆ ಸಹಕಾರ ಸಂಘದ ಸದಸ್ಯತ್ವದ ಮೇಲೆ ನಿಂತಿದೆ. ನೋಂದಣಿಯ ತಿಂಗಳಲ್ಲಿ ಸಂಘದಲ್ಲಿ ವಿಚಾರಿಸಿ. ಸದಸ್ಯತ್ವ ನಿಮ್ಮ ಹೆಸರಿಗೆ ಬರಬೇಕು ಎನ್ನಲು ಇದು ಇನ್ನೊಂದು ಕಾರಣ.

ಮನಸ್ಸಿನ ವಿಷಯ. ಮಕ್ಕಳು ಹೋದ ಮನೆ, ಯಜಮಾನರಿಲ್ಲದ ಮನೆ ಭಾರ ಅನಿಸುವುದು ಸಹಜ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಸಂಘದ ನೆರೆಹೊರೆಯವರಿಗೂ ಒಂದು ಮಾತು: ಸಾವಾದ ಮನೆಯ ಹಾಲಿನ ಕ್ಯಾನು ಹದಿನೈದು ದಿನ ನೀವು ಹೊತ್ತು ತಂದರೆ, ಆ ಮನೆಯ ಹಸು ಸಂತೆಗೆ ಹೋಗುವುದು ತಪ್ಪಬಹುದು.

ಈ ತಿಂಗಳು ಮಾಡಬಹುದಾದ ಕೆಲಸ

ಸಂಘದ ಪುಸ್ತಕದಲ್ಲಿ ಸದಸ್ಯರು ಯಾರು, ನಾಮನಿರ್ದೇಶಿತರು ಯಾರು ಎಂದು ನೋಡಿ. ಮನೆಯ ಎಲ್ಲ ಪಾಸ್‌ಬುಕ್ಕಿನಲ್ಲಿ 436 ಮತ್ತು 20 ರೂ. ಕಡಿತ ಹುಡುಕಿ. ಪ್ರತಿ ಹಸುವಿನ ಕಿವಿ ಓಲೆ ನಂಬರು, ಇಂಜೆಕ್ಷನ್ ದಿನ ಕ್ಯಾಲೆಂಡರಿನಲ್ಲಿ ಬರೆಯಿರಿ. ಪಹಣಿ, ಚೀಟಿ, ಪಾಸ್‌ಬುಕ್, ವಿಮೆ ಕಾಗದ ಎಲ್ಲವನ್ನೂ ಮಳೆಗೆ ನೆನೆಯದಂತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅದು ಎಲ್ಲಿದೆ ಎಂದು ಮಗನಿಗೂ ಮಗಳಿಗೂ ಹೇಳಿ. ಮನೆಯಲ್ಲಿ ದೊಡ್ಡ ತೀರ್ಮಾನ ಬರುವ ವರ್ಷದಲ್ಲಿ ಹಸು ಮಾರುವ ಮಾತು ಬಂದರೆ, ಮೇಲಿನ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ. ಮಾರುವುದೇ ಸರಿ ಎಂದು ಲೆಕ್ಕ ಹೇಳಿದರೆ ಮಾರಿ. ಆ ತೀರ್ಮಾನ ಹಾಲು ಕರೆಯುವವರ ತೀರ್ಮಾನವಾಗಿರಲಿ.