ಚಾರ್ಜಿಗಿಟ್ಟು ಮರೆತ ದೀಪ

ಎಮರ್ಜೆನ್ಸಿ ಲೈಟು ಬೆಳಗುವುದು ಯಾವಾಗಲೋ ಒಮ್ಮೆ, ಚಾರ್ಜಿನಲ್ಲಿರುವುದು ಸದಾಕಾಲ. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಮೂರು ಗಂಟೆ ಕರೆಂಟು ಹೋದರೂ ಉಳಿದ ಇಪ್ಪತ್ತೊಂದು ಗಂಟೆ ಅದು ಗೋಡೆಯ ಪ್ಲಗ್ಗಿಗೆ ಕಚ್ಚಿಕೊಂಡೇ ಇರುತ್ತದೆ. ಜನರೇಟರ್ ಇರುವ ಬೆಂಗಳೂರಿನ ಫ್ಲ್ಯಾಟಿನಲ್ಲಂತೂ ಅದು ಕೊನೆಯ ಸಲ ಬೆಳಗಿದ್ದು ಯಾವಾಗ ಎಂದು ಮನೆಯವರಿಗೇ ನೆನಪಿರುವುದಿಲ್ಲ. ಊರಿಗೆ ಹೊರಟಾಗ ಗ್ಯಾಸಿನ ರೆಗ್ಯುಲೇಟರ್ ತಿರುವುತ್ತೇವೆ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಎರಡೆರಡು ಸಲ ನೋಡುತ್ತೇವೆ. ಷೋಕೇಸಿನ ಮೇಲೆ ಕೆಂಪು ಚುಕ್ಕಿ ಉರಿಸಿಕೊಂಡು ಕೂತ ಲೈಟನ್ನು ಮಾತ್ರ ‘ಚಾರ್ಜ್ ಆಗ್ಲಿ ಬಿಡು’ ಎಂದು ಬಿಟ್ಟು ಬಾಗಿಲು ಹಾಕುತ್ತೇವೆ. ಅದರಿಂದ ಬೆಂಕಿ ಹೊತ್ತಬಹುದೇ ಎಂದು ನೋಡಬೇಕಾದರೆ, ಬೆಳಕು ಕೊಡುವ ಭಾಗವನ್ನು ಮರೆತು ಚಾರ್ಜು ಮಾಡುವ ಭಾಗವನ್ನು ನೋಡಬೇಕು.

ಅಗ್ಗದ ಲೈಟೊಂದರ ತಿರುಪು ಬಿಚ್ಚಿದರೆ ಒಳಗೆ ಕಾಣುವುದು ಬಹಳ ಕಡಿಮೆ. ಅಂಗೈಯ ಅರ್ಧದಷ್ಟಿರುವ ಸರ್ಕ್ಯೂಟ್ ಬೋರ್ಡು, ನಾಲ್ಕು ಡಯೋಡು, ಒಂದೆರಡು ರೆಸಿಸ್ಟರು, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಕೆಪಾಸಿಟರು. ಟ್ರಾನ್ಸ್‌ಫಾರ್ಮರು ಇರುವುದಿಲ್ಲ. ಕೆಪಾಸಿಟರಿನ ಮೇಲೆ 105 ಎಂದೂ 400 ವೋಲ್ಟ್ ಎಂದೂ ಬರೆದಿರುತ್ತದೆ. 105 ಅಂದರೆ ಒಂದು ಮೈಕ್ರೋಫ್ಯಾರಡ್. ನಮ್ಮ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತಿಗೆ ಅದು ಸುಮಾರು 3,200 ಓಮ್‌ನಷ್ಟು ಅಡ್ಡಿ ಒಡ್ಡುತ್ತದೆ. ಹಾಗಾಗಿ ಬ್ಯಾಟರಿಯತ್ತ ಹರಿಯುವುದು 70 ಮಿಲಿಆಂಪಿಯರ್ ಆಸುಪಾಸಿನ ಸಣ್ಣ ಪ್ರವಾಹ. ಕೆಲವೇ ರೂಪಾಯಿಯಲ್ಲಿ ಚಾರ್ಜರ್ ಸಿದ್ಧ. ಸೊಳ್ಳೆ ಹೊಡೆಯುವ ಬ್ಯಾಟಿನಲ್ಲೂ ಎಷ್ಟೋ ಸಲ ಇದೇ ವ್ಯವಸ್ಥೆ.

ಈ ವ್ಯವಸ್ಥೆಯೇ ತಪ್ಪು ಎನ್ನುವಂತಿಲ್ಲ. ಮೇನ್ಸ್ ವಿದ್ಯುತ್ತಿಗೆ ಅಡ್ಡಲಾಗಿ ಕೂರಲೆಂದೇ ಮಾಡಿದ, ‘ಎಕ್ಸ್2’ ಎಂದು ಗುರುತು ಹಾಕಿದ ಕೆಪಾಸಿಟರುಗಳಿವೆ. ವೋಲ್ಟೇಜು ಜಿಗಿದು ಒಳಗಿನ ಪದರ ತೂತಾದರೆ ಅವು ತಾವೇ ಆ ಜಾಗವನ್ನು ಮುಚ್ಚಿಕೊಳ್ಳುತ್ತವೆ. ಹೊರಗವಚ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ತಯಾರಕ ಒಂದೆರಡು ರೂಪಾಯಿ ಉಳಿಸಲು ಸಾಮಾನ್ಯ ಕೆಪಾಸಿಟರ್ ಹಾಕಿದಾಗ ತಾಪತ್ರಯ ಶುರು. 230 ವೋಲ್ಟ್ ಎಂಬುದು ಒಂದು ಬಗೆಯ ಸರಾಸರಿ. ಅದರ ಅಲೆ ಪ್ರತಿ ಸುತ್ತಿನಲ್ಲೂ 325 ವೋಲ್ಟ್ ಮುಟ್ಟಿ ಬರುತ್ತದೆ. ಗುಡುಗು ಸಿಡಿಲಿನ ದಿನ, ಪಂಪ್‌ಸೆಟ್‌ಗಳು ಒಟ್ಟಿಗೆ ಆಫ್ ಆಗುವ ಹೊತ್ತಿನಲ್ಲಿ ಇನ್ನೂ ಮೇಲೆ ಹಾರುತ್ತದೆ. ಆಗ ಕೆಪಾಸಿಟರು ಶಾರ್ಟ್ ಆದರೆ ಆ 3,200 ಓಮ್ ಅಡ್ಡಿ ಮಾಯ. ಫ್ಯೂಸೂ ಇಲ್ಲದ ಬೋರ್ಡಿನಲ್ಲಿ ಮುಂದಿನ ಕೆಲಸವನ್ನು ರೆಸಿಸ್ಟರು, ಪ್ಲಾಸ್ಟಿಕ್ಕು ಸೇರಿ ಮುಗಿಸುತ್ತವೆ.

ಕೆಪಾಸಿಟರು ಸರಿಯಾಗಿದ್ದರೂ ಇನ್ನೊಂದು ದೋಷ ಉಳಿಯುತ್ತದೆ: ಬ್ಯಾಟರಿ ತುಂಬಿದ ಮೇಲೆ ನಿಲ್ಲಿಸುವವರಿಲ್ಲ. ಹಳೆಯ ಲೈಟುಗಳಲ್ಲಿ ಇರುವುದು ನಾಲ್ಕು ಅಥವಾ ಆರು ವೋಲ್ಟಿನ ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿ. ಅದರ ಒಂದೊಂದು ಸೆಲ್ಲನ್ನು 2.3 ವೋಲ್ಟ್ ಆಸುಪಾಸಿನಲ್ಲಿ ಹಿಡಿದಿಟ್ಟರೆ ವರ್ಷಗಟ್ಟಲೆ ಪ್ಲಗ್ಗಿನಲ್ಲಿದ್ದರೂ ತೊಂದರೆಯಿಲ್ಲ. ಅದಕ್ಕಿಂತ ಮೇಲೆ ತಳ್ಳುತ್ತಲೇ ಹೋದರೆ ಒಳಗಿನ ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ಗಾಳಿಯಲ್ಲಿ ಶೇ. 4ರಷ್ಟು ಹೈಡ್ರೋಜನ್ ಸೇರಿದರೆ ಸಾಕು, ಕಿಡಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಅಷ್ಟರ ಮಟ್ಟಿಗೆ ಹೋಗುವುದಿಲ್ಲ. ನೀರು ಕಳೆದುಕೊಂಡ ಬ್ಯಾಟರಿ ಒಣಗುತ್ತದೆ, ಒಣಗಿದ್ದು ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಬೇಗ ಒಣಗುತ್ತದೆ, ಕೊನೆಗೆ ಕವಚ ಊದಿ ಬಿರಿಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ತಿಂಗಳಿನಲ್ಲಿ, ಫ್ರಿಜ್ಜಿನ ತಲೆಯ ಮೇಲೆ ಇಟ್ಟ ಲೈಟಿಗೆ ಈ ಗತಿ ಬೇಗ ಬರುತ್ತದೆ.

ಹೊಸ ಲೈಟುಗಳಲ್ಲಿ ಲಿಥಿಯಂ-ಅಯಾನ್ ಸೆಲ್ಲು ಬಂದು ಕೂತಿದೆ. ಹೆಚ್ಚಾಗಿ 18650: ಅಡ್ಡಳತೆ 18 ಮಿಲಿಮೀಟರು, ಉದ್ದ 65. ಇದು ಹಗುರ, ಬಹಳ ಹೊತ್ತು ಬೆಳಕು ಕೊಡುತ್ತದೆ, ಆದರೆ ಸಲಿಗೆ ಸಹಿಸುವುದಿಲ್ಲ. ಪೂರ್ತಿ ತುಂಬಿದಾಗ 4.2 ವೋಲ್ಟ್, ಅಲ್ಲಿಗೆ ಚಾರ್ಜು ನಿಲ್ಲಲೇಬೇಕು. ನಿಲ್ಲದಿದ್ದರೆ ಗ್ರಾಫೈಟ್ ಪದರದ ಮೇಲೆ ಲಿಥಿಯಂ ಲೋಹವೇ ಕಟ್ಟತೊಡಗುತ್ತದೆ. ಎರಡು ಪದರಗಳನ್ನು ಬೇರೆ ಮಾಡಿರುವುದು ತೆಳುವಾದ ಪ್ಲಾಸ್ಟಿಕ್ ಹಾಳೆ. ಪಾಲಿಎಥಿಲೀನ್ ಆದರೆ 130 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ. ಹಾಳೆ ಹೋದರೆ ಒಳಗೇ ಶಾರ್ಟ್. ಆಮೇಲೆ ಶಾಖ ಹುಟ್ಟಿಸುವ ರಾಸಾಯನಿಕ ಕ್ರಿಯೆಗಳು ಒಂದನ್ನೊಂದು ಎಬ್ಬಿಸುತ್ತ ಹೋಗುತ್ತವೆ. ಸೆಲ್ಲಿನ ಧನಧ್ರುವದ ಆಕ್ಸೈಡಿನಿಂದಲೇ ಆಕ್ಸಿಜನ್ ಹೊರಡುತ್ತದೆ, ಒಳಗಿನ ದ್ರಾವಕ ಹೇಗೂ ಉರಿಯುವಂಥದ್ದು. 2,000 ಮಿಲಿಆಂಪಿಯರ್-ಅವರ್‌ನ ಸೆಲ್ಲೊಂದು ಕೂಡಿಟ್ಟಿರುವ ವಿದ್ಯುತ್ತು ಸುಮಾರು 27 ಕಿಲೋಜೂಲ್, ಒಂದು ಸಣ್ಣ ಕಾಫಿ ಲೋಟದ ನೀರನ್ನು ಕುದಿಬಿಂದುವಿಗೆ ತರುವಷ್ಟು. ಅದು ಕೆಲವೇ ಸೆಕೆಂಡಿನಲ್ಲಿ ಹೊರಬಿದ್ದರೆ ಪರದೆಯೋ ಹಾಸಿಗೆಯೋ ಹೊತ್ತಿಕೊಳ್ಳಲು ಬೇರೇನೂ ಬೇಡ. ಸೆಲ್ಲಿನ ಮೇಲೆ 9,900 ಮಿಲಿಆಂಪಿಯರ್-ಅವರ್ ಎಂದು ಅಚ್ಚಾಗಿದ್ದರೆ ಅದು ಹಸಿ ಸುಳ್ಳು. ಆ ಗಾತ್ರದ ಒಳ್ಳೆಯ ಸೆಲ್ಲಿನ ಶಕ್ತಿ 3,500ರ ಆಸುಪಾಸಿಗೆ ಮುಗಿಯುತ್ತದೆ. ಹೊರಗೇ ಇಷ್ಟು ದೊಡ್ಡ ಸುಳ್ಳು ಬರೆದವನು ಒಳಗೆ ರಕ್ಷಣೆಯ ಸರ್ಕ್ಯೂಟ್ ಹಾಕಿದ್ದಾನೆಂದು ನಂಬಲು ನನಗೆ ಮನಸ್ಸು ಬಾರದು.

ಕರೆಂಟು ಹೋದಾಗ ತಾನಾಗಿ ಉರಿಯುವ ಇನ್ವರ್ಟರ್ ಬಲ್ಬು ಇದೇ ಕುಟುಂಬದ್ದು, ಮತ್ತು ಅದರ ಜಾಣತನ ನೋಡುವಂತಿದೆ. ನೀವು ಸ್ವಿಚ್ ಆಫ್ ಮಾಡಿದರೂ ಬಲ್ಬಿಗೆ ವಿದ್ಯುತ್ ನಿಲ್ಲುತ್ತದೆ, ಊರಿನ ಕರೆಂಟು ಹೋದರೂ ನಿಲ್ಲುತ್ತದೆ. ಯಾವುದು ಯಾವುದೆಂದು ಅದಕ್ಕೆ ತಿಳಿಯುವುದು ಹೇಗೆ? ತನ್ನ ಎರಡು ತುದಿಗಳಿಂದ ಅದು ಹೊರಗಿನ ತಂತಿಯನ್ನು ಸಣ್ಣ ವೋಲ್ಟೇಜಿನಿಂದ ತಡಕಿ ನೋಡುತ್ತದೆ. ಗೋಡೆಯ ಸ್ವಿಚ್ ಆನ್ ಇದ್ದರೆ ದಾರಿ ಮನೆಯ ಫ್ಯಾನು, ಫ್ರಿಜ್ಜುಗಳ ಮೂಲಕ ಸುತ್ತಿ ಪೂರ್ಣವಾಗುತ್ತದೆ. ಆಫ್ ಇದ್ದರೆ ತುಂಡಾಗಿರುತ್ತದೆ. ಬಲ್ಬನ್ನು ಅಂಗೈಯಲ್ಲಿ ಹಿಡಿದರೂ ಬೆಳಗುವುದು ಇದರಿಂದಲೇ, ಅಂಗೈಯೇ ಆ ದಾರಿಯನ್ನು ಪೂರ್ತಿ ಮಾಡುತ್ತದೆ. ಇಷ್ಟು ಜಾಣ ಬಲ್ಬಿನಲ್ಲಿ ಲಿಥಿಯಂ ಸೆಲ್ಲನ್ನು ಇಟ್ಟ ಜಾಗ ಮಾತ್ರ ಬಲ್ಬಿನ ಕತ್ತು, ಎಲ್ಇಡಿಯ ಬಿಸಿಯೆಲ್ಲ ಸೇರುವ ಕಡೆ. ಲಿಥಿಯಂ ಸೆಲ್ಲನ್ನು ಚಾರ್ಜು ಮಾಡಲು ತಯಾರಕರು ಸಾಮಾನ್ಯವಾಗಿ ಹಾಕಿಕೊಳ್ಳುವ ಮಿತಿ 45 ಡಿಗ್ರಿ. ಗಾಳಿಯಾಡದ ಗಾಜಿನ ಡೂಮಿನೊಳಗೆ ಇಂಥ ಬಲ್ಬು ಹಾಕಬೇಡಿ.

ಹೀಗೆ ಒಂದು ಮಾದರಿಯ ದೀಪದಲ್ಲಿ ದೋಷ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಮಾರಿದ್ದನ್ನೆಲ್ಲ ವಾಪಸ್ ಕರೆಸಬೇಕು. ಕಷ್ಟವಿರುವುದು ಇಲ್ಲೇ. 2007ರ ಆಗಸ್ಟಿನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿ ಬಗ್ಗೆ ಎಚ್ಚರಿಕೆ ಹೊರಡಿಸಿದ್ದು ಹಲವರಿಗೆ ನೆನಪಿರಬಹುದು. ಜಪಾನಿನ ಮತ್ಸುಶಿತ ಕಂಪನಿ 2005ರ ಡಿಸೆಂಬರಿನಿಂದ 2006ರ ನವೆಂಬರ್ ನಡುವೆ ಮಾಡಿದ 4.6 ಕೋಟಿ ಬ್ಯಾಟರಿಗಳು ಚಾರ್ಜಾಗುವಾಗ ಬಿಸಿಯೇರಬಹುದು ಎಂಬ ಸುದ್ದಿ. ಜಗತ್ತಿನಾದ್ಯಂತ ಅಂಥ ಘಟನೆ ನೂರರಷ್ಟು ವರದಿಯಾಗಿತ್ತು, ಯಾರಿಗೂ ಗಂಭೀರ ಗಾಯವಾಗಿರಲಿಲ್ಲ. ಆದರೂ ಭಾರತದಲ್ಲಿ ಜನ ಫೋನಿನ ಬೆನ್ನು ಬಿಚ್ಚಿಕೊಂಡು ಕೇರ್ ಸೆಂಟರಿನ ಮುಂದೆ ನೆರೆದರು. ಗಾಬರಿ ಜಾಸ್ತಿಯಾಯಿತು ನಿಜ. ಆದರೆ ಬ್ಯಾಟರಿಯ ಹಿಂಬದಿಯಲ್ಲಿ 26 ಅಕ್ಷರ-ಅಂಕಿಗಳ ಒಂದು ಗುರುತು ಇತ್ತು. ಅದನ್ನು ಕೊಟ್ಟರೆ ನಿಮ್ಮ ಬ್ಯಾಟರಿ ಆ ರಾಶಿಯದ್ದೋ ಅಲ್ಲವೋ ತಿಳಿಯುತ್ತಿತ್ತು. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಆಂಕರ್ ಕಂಪನಿ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳನ್ನು ವಾಪಸ್ ಕರೆದಾಗಲೂ ಅಷ್ಟೇ: ಎ1263 ಎಂಬ ಮಾದರಿ ಸಂಖ್ಯೆ, ಅದರ ಜೊತೆಗೆ ಸೀರಿಯಲ್ ಸಂಖ್ಯೆ. ಅವು 2016ರಿಂದ 2022ರವರೆಗೆ ಮಾರಿದವು. ಅಮೆರಿಕದಿಂದ ಮಗನೋ ಅಳಿಯನೋ ತಂದುಕೊಟ್ಟ ಒಂದು ನಿಮ್ಮ ಡ್ರಾಯರಿನಲ್ಲಿದ್ದರೆ ತಳದ ಅಂಚನ್ನು ಓದಿ ನೋಡಿ.

ಗುರುತಿದ್ದರೂ ಜನ ವಾಪಸ್ ಕೊಡುತ್ತಾರೆಂದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2017ರಲ್ಲಿ ತನ್ನ ಲೆಕ್ಕ ತೆಗೆದಾಗ, ಅಂಗಡಿ ಗೋದಾಮಿನಲ್ಲಿದ್ದ ಮಾಲು ಚೆನ್ನಾಗಿಯೇ ವಾಪಸಾಗಿತ್ತು. ಮನೆಗಳಿಗೆ ಹೋಗಿಬಿಟ್ಟದ್ದರಲ್ಲಿ ಸರಿಪಡಿಸಲಾದದ್ದು ಶೇ. 6ರಷ್ಟು ಮಾತ್ರ. ಕಾರಿನ ವಿಷಯ ಬೇರೆ. ಅದಕ್ಕೆ ಆರ್‌ಸಿ ಇದೆ, ಮಾಲೀಕನ ವಿಳಾಸ ಇದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ದೋಷವಿರುವ ವಾಹನವನ್ನು ವಾಪಸ್ ಕರೆಸುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿದೆ. ಉಳಿದ ಸರಕುಗಳಿಗೂ ಕಾನೂನಿಲ್ಲ ಎಂದಲ್ಲ. ಅದೇ ವರ್ಷದ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ 2020ರಲ್ಲಿ ಬಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಅಪಾಯಕಾರಿ ಮಾಲನ್ನು ವಾಪಸ್ ಪಡೆಯಿರಿ, ಕೊಂಡವರಿಗೆ ಹಣ ಮರಳಿಸಿ ಎಂದು ಆದೇಶಿಸಬಹುದು. ಆದರೆ ಆ ಆದೇಶ ಮುಟ್ಟುವುದು ಯಾರಿಗೆ? ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಲೈಟು ಕೊಂಡು ಬಿಲ್ಲು ಕೇಳಿ ನೋಡಿ.

“ಅಣ್ಣಾ, ಬಿಲ್ಲು?”

“ಇನ್ನೂರೈವತ್ತು ರೂಪಾಯಿ ಐಟಮ್ಮಿಗೆ ಬಿಲ್ಲೇನು ಸಾರ್? ಇಲ್ಲೇ ಉರಿಸಿ ತೋರಿಸಿದ್ದೀನಲ್ಲ. ಹೊರಗೆ ಹೋದ್ಮೇಲೆ ಗ್ಯಾರಂಟಿ ಇಲ್ಲ.”

ಡಬ್ಬಿಯ ಮೇಲೆ ತಯಾರಕನ ವಿಳಾಸವಿಲ್ಲ, ಬ್ಯಾಚು ಸಂಖ್ಯೆಯಿಲ್ಲ, ಹೆಸರೂ ಯಾವುದೋ ದೊಡ್ಡ ಕಂಪನಿಯ ಹೆಸರಿನಿಂದ ಒಂದಕ್ಷರ ಮಾತ್ರ ಬೇರೆ. ಇಂಥ ದೀಪದಲ್ಲಿ ನಾಳೆ ದೋಷ ಕಂಡುಬಂದರೂ ಅದನ್ನು ಕರೆಯುವವರಿಲ್ಲ, ಕರೆದರೆ ಓಗೊಡುವುದಕ್ಕೆ ಅದಕ್ಕೊಂದು ಗುರುತಿಲ್ಲ. ಆದ್ದರಿಂದ ತಪಾಸಣೆ ಮನೆಯವರ ಪಾಲಿಗೇ ಬೀಳುತ್ತದೆ.

ಮೊದಲು ಲೈಟನ್ನು ಪ್ಲಗ್ಗಿನಿಂದ ತೆಗೆದು ಬೆನ್ನು ತಿರುಗಿಸಿ. ಎಲ್ಇಡಿ ಎಮರ್ಜೆನ್ಸಿ ದೀಪಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಬ್ಯೂರೋದ ಗುರುತು, ಅದರೊಂದಿಗೆ ಐಎಸ್ ಸಂಖ್ಯೆ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿದರೆ ಯಾವ ತಯಾರಕನಿಗೆ, ಯಾವ ಸರಕಿಗೆ ಕೊಟ್ಟದ್ದೆಂದು ಬರುತ್ತದೆ. ಇಲ್ಲಿ ಒಂದು ಮೋಸ ಗಮನಿಸಿ: ಸಂಖ್ಯೆ ಅಸಲಿಯೇ ಇರುತ್ತದೆ, ಆದರೆ ಮೊಬೈಲ್ ಅಡಾಪ್ಟರಿಗೋ ಇನ್ಯಾವುದಕ್ಕೋ ಸೇರಿದ್ದು. ಸಂಖ್ಯೆ ಸಿಕ್ಕಿತೆಂದು ನಿಲ್ಲದೆ ಸರಕಿನ ಹೆಸರನ್ನೂ ಓದಿ. ಹೊಸದನ್ನು ತಂದ ದಿನವೇ ಡಬ್ಬಿಯ ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಡಬ್ಬಿ ಹೇಗೂ ರದ್ದಿಗೆ ಹೋಗುತ್ತದೆ.

ಆಮೇಲೆ ಲೈಟನ್ನು ಸಮತಟ್ಟಾದ ಮೇಜಿನ ಮೇಲಿಡಿ. ಮೊದಲು ಅಲುಗದೆ ನಿಲ್ಲುತ್ತಿದ್ದದ್ದು ಈಗ ಡಗಡಗ ಅಂದರೆ, ಎರಡು ಭಾಗ ಸೇರುವ ಅಂಚು ಬಾಯಿ ಬಿಟ್ಟಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಲೆಡ್-ಆಸಿಡ್ ಬ್ಯಾಟರಿ ಅತಿಯಾಗಿ ಚಾರ್ಜಾಗಿದೆ. ನೇಲ್‌ಪಾಲಿಶ್ ತೆಗೆಯುವ ದ್ರವದಂಥ ಸಿಹಿ ಘಾಟು ಬಂದರೆ ಲಿಥಿಯಂ ಸೆಲ್ಲು ಸೋರುತ್ತಿದೆ. ಪ್ಲಗ್ಗಿನ ಪಿನ್ನಿನ ಬುಡ ಕಂದಾಗಿದ್ದರೆ ಸಾಕೆಟ್ ಸಡಿಲವಾಗಿ ಕಿಡಿ ಹಾರುತ್ತಿದೆ. ರಾತ್ರಿಯಿಡೀ ಚಾರ್ಜಾದ ಲೈಟು ಬೆಚ್ಚಗಿರುವುದು ಸಹಜ. ಅಂಗೈ ಇಟ್ಟು ಹಿಡಿಯಲಾಗದಷ್ಟು ಬಿಸಿಯಾದರೆ ಅಲ್ಲ. ಈ ಯಾವುದೇ ಲಕ್ಷಣ ಕಂಡರೂ ಮತ್ತೆ ಪ್ಲಗ್ಗಿಗೆ ಹಾಕಬೇಡಿ. ಕುತೂಹಲಕ್ಕೆಂದು ತಿರುಪು ಬಿಚ್ಚುವುದೂ ಬೇಡ, ಕೆಪಾಸಿಟರು ಪ್ಲಗ್ಗಿನಿಂದ ತೆಗೆದ ಮೇಲೂ ಷಾಕ್ ಹೊಡೆಯಬಲ್ಲದು. ಬ್ಯಾಟರಿ ಬದಲಿಸುವುದಾದರೆ ಅದೇ ಜಾತಿಯದ್ದನ್ನೇ ಹಾಕಿಸಬೇಕು. ಲೆಡ್-ಆಸಿಡ್ ತೆಗೆದು ಅದೇ ಚಾರ್ಜರಿಗೆ ಲಿಥಿಯಂ ಕಟ್ಟಿಕೊಡುವ ರಿಪೇರಿಯವರಿದ್ದಾರೆ, ಒಪ್ಪಬೇಡಿ.

ಇಡುವ ಜಾಗದ ಮಾತು ಚಿಕ್ಕದು. ಪರದೆ, ಹಾಸಿಗೆ, ದೇವರ ಮನೆಯ ಬಟ್ಟೆಯಿಂದ ದೂರ. ಗ್ರಾನೈಟ್ ಅಥವಾ ಕಡಪ ಕಲ್ಲಿನ ಮೇಲೆ ಆದರೆ ವಾಸಿ. ಮನೆಯಿಂದ ಹೊರಹೋಗುವ ಒಂದೇ ಬಾಗಿಲ ಬಳಿ ಬೇಡ. ತಾನಾಗಿ ಚಾರ್ಜು ಕಡಿದುಕೊಳ್ಳದ ಹಳೆಯ ಲೈಟಾದರೆ ಡಬ್ಬಿಯಲ್ಲಿ ಹೇಳಿದಷ್ಟು ಗಂಟೆ ಚಾರ್ಜು ಮಾಡಿ ತೆಗೆದಿಡಿ, ತಿಂಗಳಿಗೊಮ್ಮೆ ಮತ್ತೆ ಹಾಕಿ.

ಹೊತ್ತಿಕೊಂಡೇಬಿಟ್ಟರೆ ಮೊದಲು ಮೇನ್ ಸ್ವಿಚ್ ಆಫ್, ಆಮೇಲೆ ನೀರು. ಲಿಥಿಯಂ ಸೆಲ್ಲಿನ ಮೇಲೆ ಪುಡಿಯನ್ನೋ ಕಾರ್ಬನ್ ಡೈಆಕ್ಸೈಡನ್ನೋ ಹೊಡೆದರೆ ಜ್ವಾಲೆ ಅಡಗಿದರೂ ಒಳಗಿನ ಶಾಖ ಇಳಿಯದೆ ಮತ್ತೆ ಹೊತ್ತಬಹುದು, ನೀರು ತಣಿಸುತ್ತದೆ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಕೋಣೆ ತುಂಬಿದ್ದರೆ ನೀರನ್ನೂ ಮರೆತು ಬಾಗಿಲೆಳೆದುಕೊಂಡು ಹೊರಬಂದು 112ಕ್ಕೆ ಫೋನ್ ಮಾಡಿ. ಲೈಟಿನ ಬಗ್ಗೆ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಬಿಐಎಸ್ ಕೇರ್ ಆ್ಯಪಿನಲ್ಲೂ ಜಾಗವಿದೆ. ಸುಟ್ಟ ಲೈಟನ್ನು ಎಸೆಯುವ ಮುಂಚೆ ಅದರ ಬೆನ್ನಿನ ಫೋಟೊ ತೆಗೆದಿಟ್ಟುಕೊಂಡಿದ್ದರೆ ಆ ದೂರಿಗೆ ಬೆಲೆ.

ಕೆಟ್ಟ ಲೆಡ್ ಬ್ಯಾಟರಿಯನ್ನು ಗುಜರಿಯವರು ತೂಕಕ್ಕೆ ಹಾಕಿ ದುಡ್ಡು ಕೊಟ್ಟು ಒಯ್ಯುತ್ತಾರೆ. ಲಿಥಿಯಂ ಸೆಲ್ಲಿಗೆ ಆ ಗಿರಾಕಿಯಿಲ್ಲವಾದ್ದರಿಂದ ಅದು ಒಣಕಸದ ಚೀಲ ಸೇರಿ, ಕಸದ ಲಾರಿಯಲ್ಲಿ ಒತ್ತಿಸಿಕೊಂಡು ಅಲ್ಲಿ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಎಲ್ಲ ಬಗೆಯ ಬ್ಯಾಟರಿಯನ್ನೂ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಎರಡೂ ತುದಿಗೆ ಇನ್ಸುಲೇಷನ್ ಟೇಪು ಸುತ್ತಿ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಕೊಡುವವರೆಗೆ ಅದು ಮನೆಯೊಳಗೆ ಬೇಡ, ಬಿಸಿಲು ಬೀಳದ ಹೊರಗಿನ ಜಾಗದಲ್ಲಿ, ಮರಳು ತುಂಬಿದ ಹಳೆಯ ತಗಡಿನ ಡಬ್ಬಿಯಲ್ಲಿರಲಿ.